ಬಲ್ಬಿನ ಕೆಳಗೆ ಹದ ಹಾಕಿದ ಕೊಡಲಿಗಳು

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ, ಬಸ್ಸು ಉಬ್ಬಸ ಬಂದ ಹಾಗೆ ಏದುಸಿರು ಬಿಡುವ ತಿರುವೊಂದಿದೆ. ಆ ತಿರುವಿನ ಕೆಳಮಗ್ಗುಲಲ್ಲಿ ಶಿವಯ್ಯಾಚಾರಿಯ ಕುಲುಮೆ ಇತ್ತು. ಮಣ್ಣಿನ ಗೋಡೆ, ಹೆಂಚಿನ ಮಾಡು, ಒಂದೇ ಬಾಗಿಲು. ಕಿಟಕಿ ಅಂತ ಒಂದು ಇದ್ದರೂ ಅದಕ್ಕೆ ವರ್ಷಪೂರ್ತಿ ಗೋಣಿತಾಟು. ಹಾಡಹಗಲಲ್ಲಿ ಒಳಗೆ ಕಾಲಿಟ್ಟವರೂ ಒಂದು ಗಳಿಗೆ ನಿಂತು ಕಣ್ಣು ಹೊಂದಿಸಿಕೊಳ್ಳಬೇಕು. ಇಲ್ಲದಿದ್ದರೆ ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಮೊಣಕಾಲು ಬಡಿದುಕೊಂಡು ಶಿವಯ್ಯನ ಪೂರ್ವಿಕರನ್ನೆಲ್ಲ ನೆನೆಯಬೇಕು.

ಕಲ್ಲಮ್ಮ ಹದಿನಾರನೇ ವಯಸ್ಸಿಗೆ ಆ ಕತ್ತಲೆಗೆ ಸೊಸೆಯಾಗಿ ಬಂದವಳು. ಮಾವ ಇರುವಷ್ಟು ದಿನ ತಿದಿ ಒತ್ತಿದಳು. ಮಾವ ಹೋದ ಮೇಲೆ ಚಮ್ಮಟಿಗೆಯನ್ನೂ ಹಿಡಿದಳು. ಹೆಂಗಸು ಕಬ್ಬಿಣ ಬಡಿಯುವುದನ್ನು ನೋಡಲೆಂದೇ ಮೊದಮೊದಲು ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಆಚಾರ್ರೇ, ಮನೇಲಿ ಜಗಳ ಬಂದ್ರೆ ನೀವು ಯಾವ್ ಕಡೆ ಓಡ್ತೀರಿ?" ಎಂದು ಕೇಳುವವರು. ಶಿವಯ್ಯ ಸಣ್ಣ ಸುತ್ತಿಗೆಯಿಂದ ಟಿಂಗ್ ಅಂತ ತೋರಿಸಿದ ಜಾಗಕ್ಕೇ ಕಲ್ಲಮ್ಮ ಚಮ್ಮಟಿಗೆ ಇಳಿಸುತ್ತಿದ್ದಳು. ಅಷ್ಟು ವರ್ಷದಲ್ಲಿ ಒಂದೇ ಒಂದು ಏಟು ಅವನ ಬೆರಳ ಮೇಲೆ ಬಿದ್ದಿರಲಿಲ್ಲ. ಗಂಡ ಹೆಂಡತಿ ನಡುವೆ ಇದಕ್ಕಿಂತ ದೊಡ್ಡ ಮಾತು ಬೇರೆ ಏನು ಬೇಕು.

ಸುತ್ತಿನ ಕಾಫಿ ತೋಟಗಳಲ್ಲಿ ಮರಗಸಿಗೆ ಶಿವಯ್ಯನ ಕೊಡಲಿಯೇ ಆಗಬೇಕಿತ್ತು. ಹೂಮಳೆ ಬಿದ್ದು ಗಿಡ ಕಾಯಿ ಕಚ್ಚಿದ ಮೇಲೆ, ದೊಡ್ಡ ಮಳೆ ಹಿಡಿಯುವ ಮೊದಲು, ನೆರಳಿನ ಮರಗಳ ಕೊಂಬೆ ಕಡಿದು ಗಿಡಕ್ಕೆ ಬೆಳಕು ಬಿಡುವುದೇ ಮರಗಸಿ. ಆಳು ನಲವತ್ತು ಐವತ್ತು ಅಡಿ ಮೇಲೆ ಒಂದು ಕೈಯಲ್ಲಿ ಮರ ತಬ್ಬಿ, ಇನ್ನೊಂದು ಕೈಯಲ್ಲಿ ಕೊಡಲಿ ಬೀಸಬೇಕು. ಅಲ್ಲಿ ಕೊಡಲಿಯ ಬಾಯಿ ಮುರಿದು ಚೂರು ಹಾರಿದರೆ ಕಣ್ಣು ಹೋಯಿತು. ಏಟು ಜಾರಿದರೆ ಕಾಲು ಹೋಯಿತು. ಕಾಲು ಜಾರಿದರೆ ಮುಂದೆ ಹೇಳುವುದೇ ಬೇಡ.

ಕೊಡಲಿಯ ಮೈಗೆ ಮೆದು ಕಬ್ಬಿಣ, ಬಾಯಿಗೆ ಹಳೇ ಜೀಪಿನ ಸ್ಪ್ರಿಂಗ್ ಪಟ್ಟಿಯ ಉಕ್ಕು. ಕಬ್ಬಿಣ ಕಾಯಿಸಿ, ಕಾವು, ಅಂದರೆ ಮರದ ಹಿಡಿ, ತೂರಿಸಲು ಕಣ್ಣು ಉಳಿಯುವ ಹಾಗೆ ಗೂಟದ ಸುತ್ತ ಮಡಚಿ, ಮಡಿಕೆಯ ಎರಡು ತುಟಿಗಳ ನಡುವೆ ಉಕ್ಕಿನ ತುಂಡು ಇಡುವುದು, ವೀಳ್ಯದೆಲೆಯೊಳಗೆ ಅಡಿಕೆ ಇಟ್ಟ ಹಾಗೆ. ಹುತ್ತದ ಮಣ್ಣು ಉದುರಿಸಿ, ಬೆಳ್ಳಗೆ ಉರಿಯುವವರೆಗೆ ಕಾಯಿಸಿ ಬಡಿದರೆ ಎರಡೂ ಒಂದಾಗುತ್ತವೆ. ಆಮೇಲೆ ತಟ್ಟಿ ರೂಪ ಕೊಡುವುದು, ಅರ ಹಾಕುವುದು. ಇಷ್ಟೂ ಕೈಯ ಕೆಲಸ, ಮನಸ್ಸಿಟ್ಟರೆ ಯಾರಿಗೂ ಬಂದೀತು. ಕೊನೆಯದು ಹದ. ಅದು ಕಣ್ಣಿನ ಕೆಲಸ. ಬಾಯಿಯಷ್ಟನ್ನೇ ಬೆಂಕಿಗೆ ಕೊಟ್ಟು, ಹಣ್ಣು ಕಾಫಿಯ ಕೆಂಪು ಬರುತ್ತಲೇ ತೆಗೆದು ನೀರು ಕುಡಿಸಬೇಕು. ಕಡಿಮೆ ಕಾದರೆ ಬಾಯಿ ಮಡಚಿಕೊಳ್ಳುತ್ತದೆ. ಕೆಂಪು ದಾಟಿ ಕಿತ್ತಳೆಗೆ ಹೋಯಿತೋ, ಉಕ್ಕು ಒಳಗೊಳಗೇ ಗಾಜಾಗುತ್ತದೆ. ಮೇಲಿಂದ ನೋಡಿದರೆ ಬ್ರಹ್ಮನಿಗೂ ತಿಳಿಯುವುದಿಲ್ಲ.

ಹದ ಹಾಕುವಾಗ ಕುಲುಮೆಯಲ್ಲಿ ಯಾರೂ ತುಟಿ ಬಿಚ್ಚಬಾರದು. ಅದು ಆ ಮನೆಯ ಕಟ್ಟಲೆ. ಆ ಹೊತ್ತಿಗೆ ಕಾಳಿಕಾಂಬೆ ನೀರಿಗೆ ಇಳಿದಿರುತ್ತಾಳೆ, ಮಾತಾಡಿದರೆ ಎದ್ದು ಹೋಗುತ್ತಾಳೆ ಎಂದು ಮಾವ ಹೇಳಿದ್ದ. ಬಾಗಿಲಲ್ಲಿ ತೋಟದ ಧಣಿಗಳೇ ಬಂದು ನಿಂತರೂ ಕೈಸನ್ನೆಯೇ. ಕಲ್ಲಮ್ಮ ಆ ಕಟ್ಟಲೆಯನ್ನು ಒಂದು ದಿನವೂ ಮುರಿದವಳಲ್ಲ. ಮುರಿದಿದ್ದರೆ ಚೆನ್ನಾಗಿತ್ತು.

ಅರವತ್ತು ಹತ್ತಿರವಾಗುತ್ತಿದ್ದಂತೆ ಶಿವಯ್ಯನ ಕಣ್ಣು ಮಂಜಾಗುತ್ತ ಬಂತು. ಮುಖ ಬಗ್ಗಿಸಿ ಬೆಂಕಿ ನೋಡಿಯೇ ಕಳೆದ ಜೀವ. ಸುತ್ತಿನ ಮನೆಗಳಿಗೆಲ್ಲ ಸರ್ಕಾರದಿಂದ ಒಂದೊಂದು ಬಲ್ಬಿನ ಕರೆಂಟು ಬಂದಾಗ ಕಲ್ಲಮ್ಮ ಹಟ ಹಿಡಿದಳು.

"ಮನೆಗೆ ಬೇಡ, ಕುಲುಮೆಗೆ ಹಾಕಿಸುವ. ಮೊನ್ನೆ ಇಕ್ಕಳ ಅಂತ ನನ್ ಕೈ ಹಿಡ್ಕೊಂಡ್ರಲ್ಲ!"

"ಹೆಂಡ್ತಿ ಕೈ ಹಿಡಿಯೋದು ತಪ್ಪನಾ ಮಾರಾಯ್ತಿ?"

"ನಗಾಡ್ಬೇಡಿ. ಬೆಳಕು ಬೇಕು ನಿಮ್ಗೆ."

"ಕುಲುಮೆಗೆ ಬೆಳಕು ಆಗೋದಿಲ್ಲ ಅಂತ ಅಪ್ಪ ಹೇಳ್ತಿದ್ದ."

"ಯಾಕೆ ಆಗೋದಿಲ್ಲ?"

ಶಿವಯ್ಯನಿಗೆ ಅದು ಗೊತ್ತಿರಲಿಲ್ಲ. ಅಪ್ಪ ಹೇಳಿರಲಿಲ್ಲ, ಇವನು ಕೇಳಿರಲಿಲ್ಲ. ಎರಡು ವರ್ಷ ಎಳೆದಾಡಿ ಕೊನೆಗೆ ಅವನೇ ಸೋತ. ತೊಂಬತ್ತಾರನೇ ಇಸವಿಯ ಮಾರ್ಚಿನಲ್ಲಿ ಬಲ್ಬು ಬಂತು. ಅವನಿಗೆ ಚೆನ್ನಾಗಿ ಕಾಣಲಿ ಎಂದು ಕಲ್ಲಮ್ಮ ಅದನ್ನು ಬೆಂಕಿಯ ನೆತ್ತಿಗೆ ಸರಿಯಾಗಿ ಕಟ್ಟಿಸಿದಳು. ಸ್ವಿಚ್ಚು ಒತ್ತಿದಾಗ ಮೂವತ್ತು ವರ್ಷದಲ್ಲಿ ಮೊದಲ ಸಲ ಕುಲುಮೆಯ ಮೂಲೆಗಳನ್ನು ಕಂಡಳು. ಗಂಡನ ಹುಬ್ಬು ಬೆಳ್ಳಗಾಗಿರುವುದನ್ನೂ ಆವತ್ತೇ ಕಂಡಳು.

ಏಪ್ರಿಲಿನಲ್ಲಿ ಮೇಲಿನ ಎಸ್ಟೇಟಿನಿಂದ ಹದಿನೆಂಟು ಕೊಡಲಿಗೆ ಹೇಳಿಕೆ ಬಂತು. ಅಲ್ಲಿನ ರೈಟರ್ ಶಾಂತವೀರಪ್ಪ ಲೆಕ್ಕದ ಮನುಷ್ಯ. "ಆಳುಗಳು ಅದಲು ಬದಲು ಮಾಡ್ಕೊಂಡು ಜಗಳ ಆಡ್ತಾವೆ ಆಚಾರ್ರೇ, ನಂಬರ್ ಹೊಡೆದು ಕೊಡಿ" ಎಂದಿದ್ದ. ಶಿವಯ್ಯ ತನ್ನ ಗುರುತಾದ ಸಣ್ಣ ತ್ರಿಶೂಲದ ಪಕ್ಕದಲ್ಲಿ ಒಂದರಿಂದ ಹದಿನೆಂಟರವರೆಗೆ ಅಂಕಿ ಹೊಡೆದ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಕಲ್ಲಮ್ಮನಿಗೆ ಆ ಅಂಕಿಗಳನ್ನು ಸಾಲಾಗಿ ಜೋಡಿಸುವುದೇ ಒಂದು ಸಂಭ್ರಮ.

ಮೊದಲನೇ ಕೊಡಲಿಗೆ ಹದ ಹಾಕಿದ ದಿನವೇ ಅವಳಿಗೆ ಏನೋ ಕೇಳಿಸಿತ್ತು. ಯಾವಾಗಲೂ ನೀರು ಚುಂಯ್ ಎಂದು ಎಳೆದು ಕೂಗುತ್ತಿತ್ತು, ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಆವತ್ತು ಚಟಾರ್ ಎಂದು ಬಾಯಿ ಬಡಿದುಕೊಂಡಿತು. ಅವಳು ತಿದಿ ನಿಲ್ಲಿಸಿ ಗಂಡನ ಮುಖ ನೋಡಿದಳು. ಅವನ ಕಣ್ಣು ನೀರಿನೊಳಗಿತ್ತು. ಹದದ ಹೊತ್ತು, ಮಾತಾಡುವ ಹಾಗಿಲ್ಲ. ಹದ ಮುಗಿಯುವಷ್ಟರಲ್ಲಿ ಎರಡನೇ ಕೊಡಲಿ ಬೆಂಕಿಯಲ್ಲಿತ್ತು, ಒಲೆ ಮೇಲೆ ಗಂಜಿ ಉಕ್ಕುತ್ತಿತ್ತು. ಆಮೇಲೆ ಕೇಳಿದರಾಯಿತು ಎಂದುಕೊಂಡಳು. ನಾಲ್ಕನೇ ಕೊಡಲಿಯ ಹೊತ್ತಿಗೆ ಕಿವಿಗೆ ಅದೇ ರೂಢಿಯಾಗಿ ಹೋಯಿತು.

ಹದಿನೆಂಟೂ ಮೇಲಕ್ಕೆ ಹೋದವು. ಮೇ ತಿಂಗಳ ಒಂದು ಮಂಗಳವಾರ, ಮರಗಸಿಯ ಲಕ್ಕಯ್ಯನ ಹೆಂಡತಿ ಯಲ್ಲಮ್ಮನ ಕತ್ತಿಗೆ ಹದ ಹಾಕುತ್ತಿದ್ದರು. ಮಧ್ಯಾಹ್ನದ ಗುಡುಗು ಶುರುವಾಗಿತ್ತು. ಶಿವಯ್ಯ ಕತ್ತಿಯನ್ನು ಬೆಂಕಿಯಿಂದ ಎತ್ತಿದ, ಹಣ್ಣು ಕಾಫಿಯ ಕೆಂಪು. ಅಷ್ಟರಲ್ಲಿ ಕರೆಂಟು ಹೋಯಿತು.

ಕುಲುಮೆ ಹಳೆಯ ಕತ್ತಲೆಗೆ ಮರಳಿತು. ಆ ಕತ್ತಲೆಯಲ್ಲಿ ಇಕ್ಕಳದ ತುದಿಯ ಕತ್ತಿ ಕೆಂಪಗಿರಲಿಲ್ಲ. ಹೊಳೆಯುವ ಕಿತ್ತಳೆಯಾಗಿತ್ತು.

ಶಿವಯ್ಯ ಕದಲಲಿಲ್ಲ. ಮೂವತ್ತು ವರ್ಷದ ಕಟ್ಟಲೆಯನ್ನು ಅವನೇ ಮುರಿದ.

"ಕಲ್ಲಿ, ಎಂಥ ಬಣ್ಣ ಇದು?"

"ಕಿತ್ತಳೆ" ಎಂದಳು.

ಅವನು ಕತ್ತಿಯನ್ನು ಮತ್ತೆ ಬೆಂಕಿಗಿಟ್ಟ. ಮಿಂಚು ಹೊಡೆದು ಕರೆಂಟು ವಾಪಸು ಬಂತು. ಬಲ್ಬಿನ ಕೆಳಗೆ ಎತ್ತಿ ಹಿಡಿದರೆ ಅದೇ ಕತ್ತಿ, ಮತ್ತೆ ಹಣ್ಣು ಕಾಫಿ. ಬಲ್ಬಿನ ಬೆಳಕು ಬೆಂಕಿಯ ಬಣ್ಣವನ್ನು ಕುಡಿದು ಬಿಡುತ್ತಿತ್ತು. ಕೆಂಪಾದದ್ದು ಇವರಿಗೆ ಕಪ್ಪು, ಕಿತ್ತಳೆಯಾದದ್ದು ಇವರಿಗೆ ಕೆಂಪು. ಅಪ್ಪ ಯಾಕೆ ಬೇಡ ಎಂದಿದ್ದ ಎಂದು ಶಿವಯ್ಯನಿಗೆ ಆಗ ಗೊತ್ತಾಯಿತು. ಕೈ ಚಾಚಿ ಉರಿಯುತ್ತಿದ್ದ ಬಲ್ಬನ್ನು ಬರಿಗೈಯಲ್ಲೇ ತಿರುಗಿಸಿ ಬಿಚ್ಚಿದ. ಆ ಕೈಗೆ ಬಲ್ಬಿನ ಬಿಸಿ ಯಾವ ಲೆಕ್ಕ.

"ಮೇಲಿನ ತೋಟದಲ್ಲಿ ಮರಗಸಿ ಶುರುವಾಯ್ತನಾ?"

"ನಿನ್ನೆ ಶುರು."

ಅವನು ಅಡಿಗಲ್ಲಿನ ಮೇಲೆ ಕೂತುಬಿಟ್ಟ. ಅಡಿಗಲ್ಲಿನ ಮೇಲೆ ಕೂರಬಾರದು, ಅದು ದೇವರು. ಅದನ್ನೂ ಮರೆತ. "ನಂಗೆ ಬಿಸಿಲಲ್ಲಿ ದಾರಿ ಕಾಣೋದಿಲ್ಲ. ನೀನೇ ಹೋಗು. ಒಂದನ್ನೂ ಬಿಡ್ಬೇಡ. ಎಲ್ಲ ತಾ, ಮತ್ತೆ ಹದ ಹಾಕಿ ಕೊಡ್ತೀನಿ ಅಂತ ಹೇಳು."

'ನಿನ್ನ ಬಲ್ಬು' ಎಂದು ಅವನು ಅನ್ನಲಿಲ್ಲ. ಆವತ್ತೂ ಅನ್ನಲಿಲ್ಲ, ಮುಂದೆಯೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೂ ಉತ್ತರ ಕೊಡಲು, ಅಳಲು ಒಂದು ದಾರಿ ಇರುತ್ತಿತ್ತು.

ಕಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಎರಡು ಮೈಲಿ ಏರು. ಅರ್ಧ ದಾರಿಯಲ್ಲಿ ನೋಡಿದರೆ ಕೈಯಲ್ಲಿ ಗಂಡನ ಸಣ್ಣ ಸುತ್ತಿಗೆ, ಯಾವಾಗ ಎತ್ತಿಕೊಂಡಳೋ ಅವಳಿಗೇ ನೆನಪಿಲ್ಲ. ಗಾಳಿಗೆ ತೋಟದ ಕಡೆಯಿಂದ ಟಕ್ ಟಕ್ ಎಂದು ಕೊಡಲಿ ಸದ್ದು ತೇಲಿ ಬರುತ್ತಿತ್ತು. ಒಂದೊಂದು ಟಕ್ಕಿಗೂ ಅವಳ ಹೆಜ್ಜೆ ತಪ್ಪುತ್ತಿತ್ತು.

ರೈಟರ್ ಶಾಂತವೀರಪ್ಪ ಕಣದ ಹತ್ತಿರ ಕೊಡೆ ಹಿಡಿದು ನಿಂತಿದ್ದ. ಅವಳ ಮಾತು ಕೇಳಿ ಮೊದಲು ನಕ್ಕ.

"ಕೊಟ್ಟ ಸಾಮಾನು ವಾಪಸ್ ಕೇಳೋ ಆಚಾರಿನ ನಾನು ಸರ್ವೀಸಲ್ಲೇ ನೋಡಿಲ್ಲ ಕಲ್ಲಮ್ಮಾ. ಮಳೆ ನೋಡು, ನೆತ್ತಿ ಮೇಲೆ ಕೂತಿದೆ. ನಾಳೆ ನಾಡಿದ್ದರೊಳಗೆ ಈ ಬ್ಲಾಕು ಮುಗೀಬೇಕು."

"ಮುರಿತಾವೆ ರೈಟ್ರೇ. ಬಾಯಿ ಗಾಜಾಗಿದೆ."

"ಮುರಿಯೋದಾ? ಆಳುಗಳು ಆಚಾರ್ರಿಗೆ ಹಾರ ಹಾಕ್ಬೇಕು ಅಂತಿದಾವೆ. ಬೇಕಾದ್ರೆ ನೀನೇ ಹೋಗಿ ಕೇಳು."

ಅದೇ ಕಷ್ಟವಾಗಿತ್ತು. ಅತಿ ಕಾದ ಉಕ್ಕು ಮುರಿಯುವವರೆಗೆ ಎಲ್ಲಕ್ಕಿಂತ ಚೆನ್ನಾಗಿ ಕಡಿಯುತ್ತದೆ. ಕಲ್ಲಮ್ಮ ಮರದಿಂದ ಮರಕ್ಕೆ ಓಡಿ, ಕತ್ತು ಮೇಲೆತ್ತಿ ಕೂಗಿದಳು. ಮೇಲಿಂದ ಎಲೆ ಉದುರಿತು, ನಗು ಉದುರಿತು.

"ಆಚಾರಮ್ಮಾ, ಪಕ್ಕಕ್ಕೆ ಹೋಗಿ, ಕೊಂಬೆ ಬೀಳ್ತದೆ!"

"ಲಕ್ಕಯ್ಯಾ, ಇಳಿಯೋ ಮಾರಾಯ. ಕೊಡಲಿ ಸರಿ ಇಲ್ಲ!"

ಅತ್ತಿ ಮರದ ಕವಲಿನಲ್ಲಿ ಕೂತಿದ್ದ ಲಕ್ಕಯ್ಯ ಬೀಡಿ ಕಚ್ಚಿಕೊಂಡೇ ಹೇಳಿದ. "ಈ ಸಲದಂಥ ಬಾಯಿ ಆಚಾರ್ರು ಜೀವಮಾನದಲ್ಲೇ ಕೊಟ್ಟಿಲ್ಲ ಅಕ್ಕಾ. ಎಲ್ಲರದ್ದೂ ಬಾಳೆದಿಂಡು ಕಡಿದಾಂಗೆ ಹೋಗ್ತದೆ. ಬೇರೆ ಎಸ್ಟೇಟಿನವ್ರು ಜಾಸ್ತಿ ಕೊಡ್ತೀನಿ ಅಂದ್ರನಾ? ಅದಕ್ಕೆ ಕಸ್ಕೊಳ್ಳೋಕೆ ಬಂದ್ರಾ?"

ಸುತ್ತಿನ ಮರಗಳೆಲ್ಲ ನಕ್ಕವು. ಕಲ್ಲಮ್ಮ ಕೆಳಗೆ ನಿಂತು ಅವರ ಪಾದಗಳನ್ನು ನೋಡಿದಳು. ಬರಿ ಪಾದ, ಪಾಚಿ ಹಿಡಿದ ಕೊಂಬೆ, ಮಳೆಯ ಮೊದಲ ಹನಿ. ಅವಳಿಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಏಣಿಯ ಬುಡದಲ್ಲಿ ಯಾರೋ ನೀರು ಕುಡಿಯಲು ಇಳಿದವನ ಕೊಡಲಿ ಇತ್ತು, ನಂಬರ್ ಹನ್ನೊಂದು. ಅದನ್ನೆತ್ತಿ ದಾರಿಬದಿಯ ಕಲ್ಲಿನ ಮೇಲೆ ಅಡ್ಡ ಇಟ್ಟಳು. ಹೆಬ್ಬೆರಳು ಒಮ್ಮೆ ತ್ರಿಶೂಲದ ಗುರುತಿನ ಮೇಲೆ ಆಡಿತು. ಆಮೇಲೆ ಸುತ್ತಿಗೆ ಎತ್ತಿ ಬಾಯಿಯ ಮೂಲೆಗೆ ಒಂದೇ ಏಟು. ಟಿಂಗ್ ಅನ್ನಬೇಕಿದ್ದ ಉಕ್ಕು ಬಳೆ ಒಡೆದ ಸದ್ದು ಮಾಡಿತು. ಅರ್ಧ ಚಂದ್ರದಷ್ಟು ತುಂಡು ಹಾರಿ ಏಣಿಯ ಬಿದಿರಿಗೆ ನೆಟ್ಟುಕೊಂಡಿತು. ಮುರಿದ ಜಾಗದಲ್ಲಿ ಉಕ್ಕು ಬೂದಿಯ ಹಾಗೆ ನುಣ್ಣಗಿರಬೇಕು. ಇದು ದಪ್ಪ ರವೆಯ ಹಾಗೆ ಕಾಳುಕಾಳಾಗಿ ಮಿನುಗುತ್ತಿತ್ತು.

ನಗು ನಿಂತಿತು. ಲಕ್ಕಯ್ಯ ಬಿದಿರಿಗೆ ನೆಟ್ಟ ಚೂರನ್ನು ಮೇಲಿಂದಲೇ ನೋಡಿದ, ಬೀಡಿ ಉಗಿದು ಇಳಿದ. ಉಳಿದವರೂ ಇಳಿದರು. ಇಳಿದ ಮೇಲೆ ಯಾರೋ ಮೆಲ್ಲಗೆ ಅಂದರು, "ಆಚಾರಿ ಕೊಡಲಿನ ಆಚಾರಮ್ಮನೇ ಮುರಿದ್ಲಲ್ಲ ಮಾರಾಯ!" ಆ ಮಾತು ಅವಳಿಗಿಂತ ಮೊದಲೇ ಬೆಟ್ಟ ಇಳಿದು ಕಳಸದ ಪೇಟೆ ಮುಟ್ಟಿತು.

ಕಲ್ಲಮ್ಮ ಕೊಡಲಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಳು. ಒಂದು, ಎರಡು, ಮೂರು. ಆರಾದ ಮೇಲೆ ಎಂಟಿತ್ತು.

"ಏಳು ಎಲ್ಲಿ?"

ಲಕ್ಕಯ್ಯ ತಲೆ ಕೆರೆದುಕೊಂಡ. "ಏಳು ನಂದಾಗಿತ್ತು ಅಕ್ಕಾ. ನಮ್ಮ ಯಲ್ಲಮ್ಮನ ತಮ್ಮ ಗಿರಿ ಭಾನುವಾರ ಬಂದಿದ್ದ. ಕೊಡಲಿ ನೋಡಿ ಬಿಡ್ಲೇ ಇಲ್ಲ. ಅವನ ಹಳೇದನ್ನ ನಂಗೆ ಕೊಟ್ಟು ಇದನ್ನ ಹೊತ್ಕೊಂಡು ಹೋದ."

"ಎಲ್ಲಿಗೆ?"

"ಆಲ್ದೂರು ಕಡೆ, ಟಿಂಬರ್ ಕೆಲಸಕ್ಕೆ."

ಮಾರನೇ ದಿನವೇ ಕಲ್ಲಮ್ಮ ಬಸ್ಸು ಹತ್ತಿದಳು. ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿ, ಮರ ಲೋಡು ಮಾಡುವ ಕಡೆ ಗಿರಿಯನ್ನು ಹುಡುಕಿದಳು. ಅವನು ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡ ಖುಷಿಯ ಹುಡುಗ. ಬಾಯಿ ತುಂಬ ನಕ್ಕ.

"ಅಯ್ಯೋ ಅಕ್ಕಾ, ಎರಡೇ ದಿನ ನನ್ ಹತ್ರ ಇತ್ತು. ಅಷ್ಟು ಚೆನ್ನಾಗಿ ಕಡೀತಿತ್ತಲ್ಲ, ಯಾರೋ ಕಣ್ಣಿಟ್ರು. ಊಟ ಮಾಡಿ ಬರೋದ್ರೊಳಗೆ ಹೊಡ್ಕೊಂಡು ಹೋದ್ರು. ಬೇರೆ ಬೇರೆ ಗ್ಯಾಂಗಿನವ್ರು ಇದ್ರು, ಯಾರನ್ನ ಅಂತ ಹಿಡೀಲಿ? ಆಚಾರ್ರಿಗೆ ಹೇಳಿ, ಇನ್ನೊಂದು ಅಂಥದ್ದೇ ಮಾಡಿಕೊಡ್ಲಿ."

"ಅಂಥದ್ದು ಬೇಡಪ್ಪ" ಎಂದಳು. ಯಾಕೆ ಎಂದು ವಿವರಿಸಿ ಹೇಳಿದಾಗ ಅವನ ನಗು ಇಳಿಯಿತು. "ಕದ್ದೋನಿಗೆ ಹೇಗಕ್ಕಾ ಹೇಳೋದು?" ಎಂದ. ಸಂಜೆಯವರೆಗೆ ಲಾರಿಗಳ ಹತ್ತಿರ ನಿಂತು, ಹೆಗಲ ಮೇಲೆ ಕೊಡಲಿ ಇದ್ದವರನ್ನೆಲ್ಲ ತಡೆದು ನೋಡಿದಳು. ಹುಚ್ಚಿ ಎಂದುಕೊಂಡು ಒಬ್ಬ ಕೈಗೆ ಬನ್ನು ಕೊಟ್ಟು ಹೋದ.

ಉಳಿದ ಹದಿನಾರಕ್ಕೆ ಶಿವಯ್ಯ ಕತ್ತಲೆಯಲ್ಲಿ ಮತ್ತೆ ಹದ ಹಾಕಿದ. ಈಗ ಕಟ್ಟಲೆ ತಿರುಗಿತ್ತು. ಅವನು ಇಕ್ಕಳ ಹಿಡಿಯುತ್ತಿದ್ದ, ಅವಳು ಬೆಂಕಿ ನೋಡಿ "ಬಂತು" ಎನ್ನುತ್ತಿದ್ದಳು. ನೀರು ಮತ್ತೆ ಮೊದಲಿನ ಹಾಗೆ ಚುಂಯ್ ಎಂದು ಎಳೆದು ಕೂಗಿತು. ಎಸ್ಟೇಟಿನವರು ಕೊಡಲಿ ತೆಗೆದುಕೊಂಡರು, ಬೈಯಲಿಲ್ಲ. ಆದರೆ ಮುಂದಿನ ವರ್ಷ ಹೇಳಿಕೆ ಬರಲಿಲ್ಲ. ಕಳಸದ ಅಂಗಡಿಗಳಲ್ಲಿ ಬಣ್ಣ ಬಳಿದ ಕಂಪನಿ ಕೊಡಲಿ ಸಿಗುತ್ತಿತ್ತು. ಎರಡು ಸಾವಿರ ದಾಟುವ ಹೊತ್ತಿಗೆ ದೊಡ್ಡ ತೋಟಗಳಲ್ಲಿ ಮೋಟಾರಿನ ಗರಗಸ ಗುರ್ ಎನ್ನತೊಡಗಿತು. ಗಂಡ ಹೆಂಡತಿ ಹಾರೆಗುದ್ದಲಿ ತಟ್ಟಿಕೊಡುತ್ತ ಕಾಲ ತಳ್ಳಿದರು.

ಅದೆಲ್ಲ ಹೋಗಲಿ, ಹೊಟ್ಟೆಗೆ ಹೇಗೋ ಆಗುತ್ತಿತ್ತು. ಏಳನೇ ನಂಬರಿನದು ಮಾತ್ರ ಎಲ್ಲೋ ಒಂದು ಮರದ ಮೇಲೆ, ಯಾರದೋ ಕೈಯಲ್ಲಿ, ಬೆಣ್ಣೆಯ ಹಾಗೆ ಕಡಿಯುತ್ತಲೇ ಇತ್ತು. ಕಾವು ಹಾಕಿಸಲು ಕೊಡಲಿ ತಂದವರ ಕೈಯಿಂದ ಕಲ್ಲಮ್ಮ ಅದನ್ನು ಕಸಿದುಕೊಂಡು ಮೊದಲು ಅಂಕಿ ಹುಡುಕುತ್ತಿದ್ದಳು. ಬಸ್ಸಿನಲ್ಲಿ ಗೋಣಿ ಸುತ್ತಿದ ಕೊಡಲಿ ಕಂಡರೆ "ಒಂದ್ಸಲ ಬಿಚ್ಚಪ್ಪ" ಎನ್ನುತ್ತಿದ್ದಳು. ಹೊರನಾಡಿನಲ್ಲಿ ಸೌದೆ ಒಡೆಯುವವರ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಶಿವಯ್ಯನ ಕಣ್ಣು ಪೂರಾ ಹೋಯಿತು. ಬಾಗಿಲಲ್ಲಿ ಕಾಲ ಸಪ್ಪಳವಾದರೆ ಸಾಕು, ಜಗಲಿಯಿಂದಲೇ ಕೇಳುತ್ತಿದ್ದ.

"ಏಳು ಬಂತಾ?"

"ಇಲ್ಲ, ಹಾಲಿನವರು."

ಎರಡು ಸಾವಿರದ ಮೂರರಲ್ಲಿ ಏಳು ಬಂತು. ಗುದ್ದಲಿಗೆಂದು ಕಳಸದ ಗುಜರಿ ಅಂಗಡಿಯಿಂದ ಒಂದು ಚೀಲ ಹಳೇ ಕಬ್ಬಿಣ ತಂದು ಸುರಿದಿದ್ದಳು. ಬಾಗಿಲ ತಿರುಗಣಿ, ಮುರಿದ ಕುಕ್ಕರಿನ ಹಿಡಿ, ಸೈಕಲ್ ಚೈನುಗಳ ನಡುವೆ ಕಾವಿಲ್ಲದ ಒಂದು ಕೊಡಲಿ. ತುಕ್ಕು ಉಜ್ಜಿದರೆ ತ್ರಿಶೂಲ, ಪಕ್ಕದಲ್ಲಿ ೭. ಬಾಯಿಯಲ್ಲಿ ಅರ್ಧ ಚಂದ್ರದಷ್ಟು ಜಾಗ ಇರಲಿಲ್ಲ.

ಅವಳು ಆ ಕಾಲಲ್ಲೇ ಕಳಸಕ್ಕೆ ವಾಪಸು ಹೋದಳು. ಗುಜರಿಯವನು ತೂಕ ಮಾಡುತ್ತಲೇ ಹೇಳಿದ. "ಲೋಡಲ್ಲಿ ಬಂದಿದ್ದು ಅಮ್ಮಾ. ಮೂಡಿಗೆರೆದೂ ಇರ್ತದೆ, ಚಿಕ್ಕಮಗಳೂರಿಂದೂ ಇರ್ತದೆ. ಹಳೇ ಕಬ್ಬಿಣಕ್ಕೆ ಹೆಸ್ರು ವಿಳಾಸ ಬರ್ಕೊಳ್ತಾರನಾ ಯಾರಾದ್ರೂ?"

ಮನೆಗೆ ಬಂದು ಬಾಗಿಲಲ್ಲಿ ನಿಂತಳು.

"ಯಾರು? ಏಳು ಬಂತಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಕಬ್ಬಿಣದ ವಿಷಯದಲ್ಲಿ ಅವನಿಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಕೊಡಲಿಯನ್ನು ಅವನ ತೊಡೆಯ ಮೇಲಿಟ್ಟಳು. ಅವನ ಹೆಬ್ಬೆರಳು ತ್ರಿಶೂಲ ಮುಟ್ಟಿತು, ಅಂಕಿ ಮುಟ್ಟಿತು, ಅಂಚು ಹಿಡಿದು ಮೆಲ್ಲಗೆ ಹೊರಟಿತು. ಮುರಿದ ಜಾಗಕ್ಕೆ ಬಂದು ನಿಂತಿತು.

"ರವೆ" ಎಂದ.

ಬೆರಳು ಅಲ್ಲೇ ಇಟ್ಟುಕೊಂಡು ಕೇಳಿದ, "ಮೇಲಿದ್ದಾಗ ಮುರೀತೋ, ನೆಲದ ಮೇಲೋ?"

"ಗೊತ್ತಿಲ್ಲ."

"ಕೇಳ್ದ್ಯಾ?"

"ಕೇಳ್ದೆ. ಯಾರಿಗೂ ಗೊತ್ತಿಲ್ಲ."

"ರಕ್ತ ಏನಾದ್ರೂ ಕಾಣ್ತದಾ?"

ಕಲ್ಲಮ್ಮ ಬೆಳಕಿಗೆ ಹಿಡಿದು ನೋಡಿದಳು. ಎಲ್ಲ ಕಡೆ ಕೆಂಪಗಿತ್ತು. ಏಳೆಂಟು ಮಳೆಗಾಲ ಕಂಡ ಕಬ್ಬಿಣದಲ್ಲಿ ತುಕ್ಕು ಯಾವುದು, ಬೇರೆಯದು ಯಾವುದು ಎಂದು ಯಾರು ಹೇಳಬಲ್ಲರು. "ತುಕ್ಕು" ಎಂದಳು. ಅವನು ಹೂಂಗುಟ್ಟಿದ. ಅದನ್ನು ಬೆಂಕಿಗೆ ಹಾಕಲು ಬಿಡಲಿಲ್ಲ. ಮುಂದಿನ ಮಾಘದಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದ. ಯಾರು ಬಂದರೂ ಏನೂ ಕೇಳುತ್ತಿರಲಿಲ್ಲ.

ಕಲ್ಲಮ್ಮ ಈಗ ಕೊಡಲಿಗಳನ್ನು ನೋಡುವುದಿಲ್ಲ. ಕಳಸದ ಸಂತೆಯಲ್ಲಿ, ಹೊರನಾಡಿನ ಊಟದ ಸಾಲಿನಲ್ಲಿ, ಜೀಪಿಗೆ ಕಾಯುವಲ್ಲಿ, ಒಂದು ಕಣ್ಣು ಮುಚ್ಚಿದವರು, ಕಾಲೆಳೆದು ನಡೆಯುವವರು ಕಂಡರೆ ನಿಲ್ಲುತ್ತಾಳೆ. ಹತ್ತಿರ ಹೋಗಿ ಕೂರುತ್ತಾಳೆ. ಎಲೆ ಅಡಿಕೆ ಕೊಡುತ್ತಾಳೆ.

"ಎಂಥಾಯ್ತಪ್ಪ ಕಾಲಿಗೆ?"

"ಮೆಣಸು ಕೊಯ್ಯೋವಾಗ ಏಣಿ ಜಾರಿತು ಅಜ್ಜೀ."

"ಕೊಡಲಿ ಏನೂ ಅಲ್ವಾ?"

"ಅಲ್ಲ, ಯಾಕೆ?"

"ಸುಮ್ನೆ ಕೇಳ್ದೆ" ಎನ್ನುತ್ತಾಳೆ. ಅವನಿಗೆ ಇನ್ನೆರಡು ಎಲೆ ಮಡಚಿ ಕೊಟ್ಟು, ಸಾಲಿನಲ್ಲಿ ಮುಂದೆ ನಿಂತವರ ಕಡೆ ಕಣ್ಣು ಹಾಯಿಸುತ್ತಾಳೆ.